ಹನ್ನೊಂದು ಕಿಲೋ ಹೆಚ್ಚು

ತಮ್ಮನೊಡನೆ ಚಾರಣಕ್ಕೆ ಬಂದಿದ್ದ ಅಕ್ಕನಿಗೆ ಅರವತ್ತೆಂಟು. ಒಂಬತ್ತು ದಿನ ಬೆಟ್ಟ ಹತ್ತಿಳಿದು ಮೊಣಕಾಲು ಹಣ್ಣಾಗಿದ್ದರೂ ಬೆನ್ನು ಮಾತ್ರ ನೆಟ್ಟಗಿತ್ತು. ಕಣಿವೆಯ ಅಂಚಿನ ನಿಲ್ದಾಣದಲ್ಲಿ ಹನ್ನೆರಡು ಸೀಟಿನ ಪುಟ್ಟ ವಿಮಾನ ನಿಂತಿತ್ತು. ಅಲ್ಲಿ ಚೀಲಗಳ ಜೊತೆಗೆ ಮನುಷ್ಯರನ್ನೂ ತೂಗುತ್ತಾರೆ.

ಗುಮಾಸ್ತ ಕೂಡಿಸಿ ನೋಡಿ ತಲೆಯಾಡಿಸಿದ. "ಹನ್ನೊಂದು ಕಿಲೋ ಹೆಚ್ಚು. ಒಬ್ಬರು ಉಳೀಬೇಕು." ಅವನ ಪೆನ್ನು ಇವರ ಹೊರೆ ಹೊತ್ತು ಬಂದಿದ್ದ ಪೋರ್ಟರಮ್ಮನ ಹೆಸರಿನ ಮೇಲೆ ನಿಂತಿತು. "ಇವಳು ಇಲ್ಲಿಯವಳೇ ತಾನೆ? ನಾಳೆ ಬರ್ತಾಳೆ ಬಿಡಿ."

ಮೋಡ ಕವಿದರೆ ಅಲ್ಲಿ ವಾರಗಟ್ಟಲೆ ವಿಮಾನವಿಲ್ಲ. ಪೋರ್ಟರಮ್ಮನ ಮಗಳು ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ಚೊಚ್ಚಲ ಹೆರಿಗೆಗೆ ಸೇರಿದ್ದಳು. ಅದಕ್ಕೇ ಅಕ್ಕ ಅವಳಿಗೂ ಸೀಟು ಹಿಡಿಸಿದ್ದಳು. ಪೋರ್ಟರಮ್ಮ ತನ್ನ ಗಂಟನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದಳು. ಪ್ರತಿ ಇಳಿಜಾರಿನಲ್ಲೂ ಏನೂ ಗೊತ್ತಿಲ್ಲದವಳಂತೆ ಒಂದು ಹೆಜ್ಜೆ ಮುಂದೆ ನಿಂತು ಅಕ್ಕನ ಕೈಗೆ ಹೆಗಲು ಕೊಟ್ಟವಳು ಅವಳು. ಅಕ್ಕನಿಗೆ ತಡೆಯಲಾಗಲಿಲ್ಲ. ನೇರ ಹೋಗಿ ತೂಕದ ಹಲಗೆಯ ಮೇಲೆ ಕುಳಿತೇಬಿಟ್ಟಳು.

"ಇವರು ಹತ್ತೋವರೆಗೂ ನಾನು ಏಳೋಲ್ಲ."

"ಮೇಡಂ, ವಿಮಾನಕ್ಕೆ ದಯೆ ದಾಕ್ಷಿಣ್ಯ ಇರೋಲ್ಲ."

"ಅದಕ್ಕೆ ಬೇಡಪ್ಪ, ನಿನಗಿದ್ರೆ ಸಾಕು."

"ಅಕ್ಕಾ, ಎಲ್ಲರೂ ನೋಡ್ತಿದ್ದಾರೆ. ಮರ್ಯಾದೆ ತೆಗೀಬೇಡ," ತಮ್ಮ ಪಿಸುಗುಟ್ಟಿದ.

"ನೋಡ್ಲಿ. ನನ್ನ ಚೀಲ ಹನ್ನೆರಡು ಕಿಲೋ, ನಿಂದು ಯಾಕೋ ಇಪ್ಪತ್ತೆರಡು? ಬಿಚ್ಚು."

ತಮ್ಮನ ಮುಖ ಚಿಕ್ಕದಾಯಿತು. ಬಿಚ್ಚಿದರೆ ಪ್ರತಿ ಕಾಲುಚೀಲದೊಳಗೂ ಒಂದೊಂದು ಕಲ್ಲು! ಭೂಗೋಳದ ಮೇಷ್ಟ್ರಾಗಿದ್ದ ಅವನು ದಾರಿಯುದ್ದಕ್ಕೂ ಆರಿಸಿ ತುಂಬಿದ್ದ.

"ಪಾಠಕ್ಕೆ ಬೇಕಾಗತ್ತೆ ಅಂತ..."

"ರಿಟೈರಾಗಿ ಆರು ವರ್ಷ ಆಯ್ತಲ್ಲೋ, ಯಾರಿಗೆ ಪಾಠ? ಗೋಡೆಗಾ?"

ಪೋರ್ಟರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ದಿನಾ ಚೀಲ ಭಾರ ಆಗ್ತಿತ್ತು ಮೇಷ್ಟ್ರೇ. ನನಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ!"

ಕಲ್ಲು ಎಂಟು ಕಿಲೋ ತೂಗಿತು. ಅಕ್ಕ ಬೂಟು ಕಳಚಿ ಎಸೆದಳು, ಇನ್ನೂ ಒಂದೂವರೆ. ಅಷ್ಟರಲ್ಲಿ ಮೆಟ್ಟಿಲ ಬಳಿ ನಿಂತಿದ್ದ ಪೈಲಟ್ ಬಂದು, ತನ್ನ ಚೀಲವನ್ನು ಬಿಸಿ ಚಹಾದ ಫ್ಲಾಸ್ಕಿನ ಸಮೇತ ಗುಮಾಸ್ತನ ಕೈಗಿಟ್ಟ. "ಇದು ಎರಡು ಕಿಲೋ ಇದೆ. ಚಹಾ ನೀವೇ ಕುಡೀರಿ. ಮೋಡ ಬರ್ತಿದೆ, ಬೇಗ ಹತ್ತಿಸಿ."

ಗುಮಾಸ್ತ ಮತ್ತೆ ಕೂಡಿಸಿದ. ಈ ಸಲ ಪೆನ್ನು ಯಾರ ಹೆಸರಿನ ಮೇಲೂ ನಿಲ್ಲಲಿಲ್ಲ.

ವಿಮಾನದೊಳಗೆ ತಮ್ಮ ಮುಖ ಊದಿಸಿಕೊಂಡು ಕೇಳಿದ: "ಬರೀ ಕಾಲುಚೀಲದಲ್ಲೇ ಆಸ್ಪತ್ರೆಗೆ ಹೋಗ್ತೀಯಾ?"

"ಹೋಗ್ತೀನಿ. ಬೇಕಾದ್ರೆ ಕುಣ್ಕೊಂಡು ಹೋಗ್ತೀನಿ, ಏನೀಗ?"

ಇಂಜಿನ್ ಗುಡುಗಿತು. ಮೊದಲ ಸಲ ವಿಮಾನ ಹತ್ತಿದ್ದ ಪೋರ್ಟರಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಅಕ್ಕನ ಕೈ ಹಿಡಿದಳು. ಕಣಿವೆ ಕಾಲಡಿಯಿಂದ ಜಾರಿದಾಗ ಅಕ್ಕನಿಗೂ ಎದೆ ಡವಗುಟ್ಟಿತು. ಅದನ್ನು ಯಾರಿಗೂ ಹೇಳುವ ಉದ್ದೇಶ ಅವಳಿಗಿರಲಿಲ್ಲ.