ಎಂಟು ನಿಮಿಷ, ಅರವತ್ತು ರೊಟ್ಟಿ

ಲಕ್ಷ್ಮೇಶ್ವರದಿಂದ ಗದಗಿಗೆ ಹೊರಟ ಆ ಕ್ರೂಸರ್ ಗಾಡಿಯನ್ನು ಕಂಡವರು, ಯಾರೋ ಸಂಸಾರ ಕಟ್ಟಿಕೊಂಡು ಊರು ಬಿಟ್ಟರು ಎಂದೇ ತಿಳಿದಿರಬೇಕು. ಎರಡು ಹಾಸಿಗೆ, ನಾಲ್ಕು ಕೌದಿ, ನೀರಿನ ಕೊಡ, ಅರವತ್ತು ಖಡಕ್ ರೊಟ್ಟಿ, ರೊಟ್ಟಿಗೆ ಹಚ್ಚಿಕೊಳ್ಳಲು ಡಬ್ಬಿ ತುಂಬ ಶೇಂಗಾ ಹಿಂಡಿ, ಹೊಟ್ಟೆಗೆ ಬಿಗಿಯಲೆಂದು ಹರಿದಿಟ್ಟ ಹಳೇ ಸೀರೆ, ಕಿವಿಗೆ ಇಡಲು ಹತ್ತಿ. ಇಷ್ಟನ್ನೂ ಹೊಂದಿಸಿದವಳು ಮುಂಡರಗಿಯ ಬಸವಣ್ಣೆವ್ವ. ಆಸ್ಪತ್ರೆಗೆ ಸೇರಬೇಕಾಗಿದ್ದವಳು ಅವಳ ತಂಗಿ ಸುಮಿತ್ರವ್ವ. ಆಕೆಗೆ ಕೂರಲು ಜಾಗ ಸಿಕ್ಕಿದ್ದೇ ಪುಣ್ಯ.

"ಯಕ್ಕಾ, ಸಂಜಿಗೆ ಮನಿಗೆ ಕಳಸ್ತೇವಿ ಅಂದಾರ ಡಾಕ್ಟ್ರು. ಇದೆಲ್ಲಾ ಯಾಕ ಬೇಕಾಗಿತ್ತು?"

"ಅಂತಾರವಾ, ಹಂಗ ಅಂತಾರ. ನನಗೂ ಮೂರ ದಿನಾ ಅಂದಿದ್ರು, ಹತ್ತ ದಿನಾ ಬಿದ್ದಿದ್ದೆ. ನೀ ಸುಮ್ಮ ಕುಂಡ್ರು."

ಬಸವಣ್ಣೆವ್ವನಿಗೆ ಎದುರು ಮಾತಾಡಿ ಗೆದ್ದವರು ಇಡೀ ಮುಂಡರಗಿಯಲ್ಲಿ ಇರಲಿಲ್ಲ. ಸುಮಿತ್ರವ್ವ ಕೊಡವನ್ನು ಕಾಲಿನ ನಡುವೆ ಹಿಡಿದುಕೊಂಡು ಕೂತಳು.

ಸುಮಿತ್ರವ್ವನಿಗೆ ನಲವತ್ನಾಲ್ಕು. ಲಕ್ಷ್ಮೇಶ್ವರದ ಬಜಾರದ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಅವಳ ರೊಟ್ಟಿ ಇಲ್ಲದೆ ಆ ಕಡೆ ಒಂದು ಮದುವೆಯೂ ಆಗುತ್ತಿರಲಿಲ್ಲ. ಅಂಥ ಗಟ್ಟಿಗಿತ್ತಿಯನ್ನು ಎರಡು ವರ್ಷದಿಂದ ಮುಟ್ಟು ಮುರಿದು ಹಾಕಿತ್ತು. ತಿಂಗಳಿಗೆ ಒಂಬತ್ತು ದಿನ, ಗಡ್ಡೆಗಡ್ಡೆ ರಕ್ತ. ಬಟ್ಟೆಯ ಮೇಲೆ ಬಟ್ಟೆ ಇಟ್ಟುಕೊಂಡರೂ ತಾಸಿಗೊಮ್ಮೆ ಒಲೆ ಬಿಟ್ಟು ಏಳಬೇಕು. ಉಡುವುದು ಬರೀ ಕಪ್ಪು ಸೀರೆ, ಕೂರುವುದು ಗೋಣಿತಟ್ಟಿನ ಮೇಲೆ. ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ. ಗಂಡ ನಿಜಲಿಂಗಪ್ಪ ಕಾಳಿನ ಪೇಟೆಯಲ್ಲಿ ತೂಕ ಮಾಡುವವನು, ಒಳ್ಳೆಯ ಮನುಷ್ಯ. ಆದರೆ ಈ ಮಾತು ಬಂದರೆ ಸಾಕು, ಎದ್ದು ಚಪ್ಪಲಿ ಹುಡುಕುತ್ತಿದ್ದ.

ಓಣಿಯ ಹೆಂಗಸರ ಬಳಿ ಮದ್ದು ಒಂದೇ: "ಚೀಲಾ ತಗಸಿಬಿಡು, ಪೀಡಾ ಹೋಗ್ತೈತಿ." ಗರ್ಭಚೀಲ ತೆಗೆಸುವುದೆಂದರೆ ಅಲ್ಲಿ ಹಲ್ಲು ಕೀಳಿಸಿದಷ್ಟೇ ಸಲೀಸು. ಮನೆಗೊಬ್ಬರಾದರೂ ತೆಗೆಸಿಕೊಂಡವರು ಇದ್ದರು. ಬಸವಣ್ಣೆವ್ವನೂ ಮೂವತ್ತೊಂದಕ್ಕೇ ತೆಗೆಸಿದ್ದಳು. "ಹಡದಿದ್ದಾತು, ಇನ್ನ ಅದರ ಕೆಲಸ ಏನೈತಿ?" ಎಂದು ಆಸ್ಪತ್ರೆಯವರು ಅವಳನ್ನು ಒಪ್ಪಿಸಿದ್ದರು. ಚೀಲದ ಜೊತೆ ಇನ್ನೇನೇನು ತೆಗೆದರೋ, ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಅಂದಿನಿಂದ ಮೈ ಭುಗಿಲ್ ಎನ್ನುತ್ತದೆ, ಮೂಳೆ ನೋಯುತ್ತವೆ. ಒಲೆಯ ಮುಂದೆ ಐದು ನಿಮಿಷ ಕೂರಲಾರಳು. ತಂಗಿಗೆ ರೊಟ್ಟಿ ಬಡಿಯಲು ಕಲಿಸಿದ ಕೈ ಅದು! ಹದಿನೈದು ವರ್ಷದಿಂದ ಹಿಟ್ಟು ಮುಟ್ಟಿರಲಿಲ್ಲ.

ಸುಮಿತ್ರವ್ವನಿಗೆ ಹೆದರಿಕೆ ಇದ್ದುದು ಅಲ್ಲಿಯೇ. ಸಾವಿಗೆ ಅವಳು ಅಷ್ಟು ಅಂಜುತ್ತಿರಲಿಲ್ಲ. ಅಕ್ಕನ ಹಾಗೆ ತಾನೂ ಬೆಂಕಿಗೆ ದೂರಾದರೆ? ಒಲೆ ಬಿಟ್ಟ ಮೇಲೆ ತಾನು ಯಾರು? ಈ ಪ್ರಶ್ನೆ ಎದೆಯಲ್ಲಿ ಕೂತು ಅವಳನ್ನು ಎರಡು ವರ್ಷ ಡಾಕ್ಟರ ಮುಂದೆ ಬಾಯಿ ಬಿಡದಂತೆ ಮಾಡಿತ್ತು.

ಬಾಯಿ ಬಿಟ್ಟದ್ದು ದೀಪಾವಳಿಯ ಮರುವಾರ, ಹಿಟ್ಟು ನಾದುವ ಪರಾತದ ಮೇಲೆಯೇ ತಲೆ ತಿರುಗಿ ಬಿದ್ದಾಗ. ನಿಜಲಿಂಗಪ್ಪ ಈ ಸಲ ಚಪ್ಪಲಿ ಹುಡುಕಲಿಲ್ಲ, ಬರಿಗಾಲಲ್ಲೇ ಅವಳನ್ನು ಗದಗಿಗೆ ಕರೆದೊಯ್ದ. ಡಾಕ್ಟರ್ ನೇತ್ರಾ ಎಂಬ ಹೆಣ್ಣುಮಗಳು ರಕ್ತ ನೋಡಿದಳು. ಇರಬೇಕಾದುದರಲ್ಲಿ ಅರ್ಧವೂ ಇರಲಿಲ್ಲ. ಸ್ಕ್ಯಾನ್ ಆಯಿತು, ಚೀಲದ ಒಳಪದರದ ಚೂರನ್ನೂ ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಇಲ್ಲ ಎಂದು ಬಂತು. ಮೂರು ತಿಂಗಳು ಗುಳಿಗೆ ನುಂಗಿದರೂ ರಕ್ತ ನಿಲ್ಲಲಿಲ್ಲ. ಆಗ ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಕೊಯ್ಯೂದಿಲ್ಲ, ಹೊಲಿಯೂದಿಲ್ರೀ. ಕೆಳಗಿನ ಹಾದೀಲೆ ಒಂದು ಸಣ್ಣ ಬಲೂನು ಚೀಲದೊಳಗ ಇಡ್ತೇವಿ. ಅದರಾಗ ಬಿಸಿನೀರು ತುಂಬಿ ಎಂಟು ನಿಮಿಷ ಬಿಡ್ತೇವಿ. ರಕ್ತ ಬರೂ ಆ ಒಳಪದರಾ ಸುಡ್ತೈತಿ. ಚೀಲಾ ನಿಮ್ಮದು ನಿಮ್ಮ ಹತ್ರಾನ ಇರ್ತೈತಿ."

"ಎಂಟ ನಿಮಿಷದಾಗ ನಾ ಆರು ರೊಟ್ಟಿ ಬಡಿತೇನ್ರೀ" ಎಂದಳು ಸುಮಿತ್ರವ್ವ.

"ಹಂಗಾರ ಆರು ರೊಟ್ಟಿ ಹೊತ್ತು ಅನ್ಕೋರಿ. ಆದ್ರ ಖರೆ ಹೇಳ್ತೇನಿ, ಎಲ್ಲಾರಿಗೂ ಪೂರ್ತಿ ನಿಲ್ಲೂದಿಲ್ಲ. ಬಾಳ ಮಂದಿಗೆ ಕಡಿಮಿ ಆಗ್ತೈತಿ. ಇನ್ನೂ ಮಕ್ಕಳು ಬೇಕನ್ನೋರಿಗೆ ಇದು ಬ್ಯಾಡ, ಅವರಿಗೆ ಬ್ಯಾರೆ ಹಾದಿ ಅದಾವ. ನಿಮಗ ಎರಡು ಮಕ್ಕಳಾಗಿ, ಮುಂದ ಮಕ್ಕಳಾಗದಂಗ ಆಪರೇಶನ್ನೂ ಆಗೈತಿ. ನಿಮಗ ನಡೀತೈತಿ."

"ಒಲಿ ಮುಂದ ಕುಂಡ್ರಬಹುದೇನ್ರೀ?"

"ವಾರ ಬಿಟ್ಟ ಕುಂಡ್ರರಿ."

ಸುಮಿತ್ರವ್ವ ಅಲ್ಲಿಯೇ ಅತ್ತುಬಿಟ್ಟಳು.

ಅಕ್ಕ ಮಾತ್ರ ನಂಬಲಿಲ್ಲ. "ಕೊಯ್ಯದ ಅದೆಂಥಾ ಆಪರೇಶನ್ನ? ಫುಗ್ಗಾ ಊದಿ ಕಳಸ್ತಾರಂತ! ನಮ್ಮ ಪ್ರಿಯಾಂಕಾಂದು ಯುಗಾದಿ ಆದಮ್ಯಾಲೆ ಚೀಲಾ ತಗಸಾಕ ದಿನಾ ಹಿಡಿದೇನಿ. ಅಕಿ ಜೋಡಿ ನೀನೂ ಮಾಡಿಸ್ಕೊಂಡ್ರ ಒಂದ ಖರ್ಚಿನ್ಯಾಗ ಆಗ್ತಿತ್ತು." ಪ್ರಿಯಾಂಕಾ ಅವಳ ಮಗಳು, ಕೊರ್ಲಹಳ್ಳಿಗೆ ಕೊಟ್ಟಿದ್ದರು. ಇನ್ನೂ ಇಪ್ಪತ್ತೊಂಬತ್ತು, ಒಂದೇ ಮಗು. ಅವಳಿಗೂ ಇದೇ ಕಾಟ.

ಅಂತೂ ಗಾಡಿ ಆಸ್ಪತ್ರೆಯ ಮುಂದೆ ನಿಂತಿತು. ಬಸವಣ್ಣೆವ್ವ ವರಾಂಡದಲ್ಲಿ ಸಾಮಾನು ಇಳಿಸುವಷ್ಟರಲ್ಲಿ ಸುಮಿತ್ರವ್ವನನ್ನು ಒಳಗೆ ಕರೆದರು. ಕೈಗೆ ಸೂಜಿ ಚುಚ್ಚಿದರು. ಹೆದರಿಕೆ ತಡೆಯಲಾರದೆ ಅವಳು ಮನಸ್ಸಿನಲ್ಲೇ ರೊಟ್ಟಿ ಬಡಿಯತೊಡಗಿದಳು. ಒಂದು ಬಡಿದು ಹಂಚಿಗೆ ಹಾಕಿದಳು. ಎರಡನೆಯದಕ್ಕೆ ನೀರು ಸವರುವಾಗ ನಿದ್ದೆ ಬಂತು.

ಕಣ್ಣು ಬಿಟ್ಟಾಗ ಕಿಬ್ಬೊಟ್ಟೆಯಲ್ಲಿ ಮುಟ್ಟಿನ ನೋವಿನಂಥ ಸೆಳೆತ. ಹೊಟ್ಟೆಯ ಮೇಲೆ ಕೈ ಆಡಿಸಿದಳು. ಎಲ್ಲಿಯೂ ಪಟ್ಟಿ ಇಲ್ಲ, ಹೊಲಿಗೆ ಇಲ್ಲ. ಇನ್ನೊಮ್ಮೆ ಆಡಿಸಿ ನೋಡಿದಳು.

ಹೊರಗೆ ಬಸವಣ್ಣೆವ್ವ ಎರಡೂ ಹಾಸಿಗೆ ಬಿಚ್ಚಿ, ಕೌದಿ ಹಾಸಿ, ಕೊಡಕ್ಕೆ ನೀರು ತುಂಬಿಸಿಟ್ಟಿದ್ದಳು. ಕೈನಾತ ಎಂಬ ನರ್ಸ್ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಮ್ಮಾ, ಇಲ್ಲೇ ಮನಿ ಮಾಡಾಕ ಬಂದೀರೇನು? ನಿಮ್ಮ ತಂಗಿದು ಮುಗೀತು. ಐದಕ್ಕ ಕರ್ಕೊಂಡು ಹೋಗ್ರಿ."

"ಮುಗೀತು? ನಾ ಇನ್ನೂ ತಲಿದಿಂಬು ಇಟ್ಟಿಲ್ಲವಾ!"

ಅರವತ್ತು ರೊಟ್ಟಿಯನ್ನು ವಾರ್ಡಿನವರೆಲ್ಲ ಹಿಂಡಿ ಹಚ್ಚಿ ತಿಂದರು. ಕೈನಾತಳೇ ನಾಲ್ಕು ಮುಗಿಸಿದಳು. ದೀಪ ಹಚ್ಚುವ ಹೊತ್ತಿಗೆ ಕ್ರೂಸರ್ ಮತ್ತೆ ಲಕ್ಷ್ಮೇಶ್ವರದ ಓಣಿಗೆ ಬಂತು. ಇಳಿಯುವಾಗ ಬಸವಣ್ಣೆವ್ವ, "ನೋಡೂಣು, ಮುಂದಿನ ಸಲ ಗೊತ್ತಾಗ್ತೈತಿ" ಎಂದಳು.

ಮುಂದಿನ ಸಲ ಅವಳೇ ನೋಡಲು ಬಂದಳು. ಯುಗಾದಿಗೆ ಇನ್ನು ಹತ್ತು ದಿನ ಇತ್ತು. ಸುಮಿತ್ರವ್ವ ಮುಟ್ಟಾಗಿ ಮೂರನೆಯ ದಿನ, ಅಂದರೆ ಹಿಂದೆಲ್ಲ ಮೂಲೆಯಲ್ಲಿ ಮುದುಡಿ ಬೀಳುತ್ತಿದ್ದ ದಿನ. ಬಸವಣ್ಣೆವ್ವ ಬಾಗಿಲಲ್ಲೇ ನಿಂತಳು. ತಂಗಿ ಒಲೆಯ ಮುಂದೆ ಕೂತು ತಟತಟ ಬಡಿಯುತ್ತಿದ್ದಳು. ಕೆಳಗೆ ಗೋಣಿತಟ್ಟು ಇರಲಿಲ್ಲ. ಉಟ್ಟಿದ್ದು ಹಳದಿ ಸೀರೆ.

"ಎಷ್ಟ ಹೊಂಟೈತಿ?"

"ಒಂದ ಬಟ್ಟಿ ಯಕ್ಕಾ. ಮುಂಜಾನಿಂದ ಒಂದ. ಅದೂ ಬರೇ ಕಲೆ ಬಿದ್ದಂಗ."

ಬಸವಣ್ಣೆವ್ವ ಒಳಗೆ ಬಂದು ಕೂತಳು, ಒಲೆಯ ಪಕ್ಕದಲ್ಲೇ. ಮುಖ ಕೆಂಪಾಯಿತು, ಬೆವರು ಇಳಿಯಿತು, ಆದರೂ ಸರಿಯಲಿಲ್ಲ.

"ಎಂಟ ನಿಮಿಷ" ಎಂದಳು. "ನಂಗ ಯಾರೂ ಹೇಳಲೇ ಇಲ್ಲಲ್ಲವಾ ಸುಮಿತ್ರಾ. ಬ್ಯಾರೆ ಹಾದಿ ಅದಾವ ಅಂತ ಒಬ್ಬರರ ಬಾಯಿ ಬಿಟ್ಟು ಹೇಳಬಾರದಿತ್ತೇನು?"

ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸುಮಿತ್ರವ್ವ ಹಿಟ್ಟಿನ ಕೈಯಲ್ಲೇ ಅಕ್ಕನ ಬೆನ್ನು ಸವರಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು, ಯಾರೂ ತೆಗೆಯಲಿಲ್ಲ.

ಆಮೇಲೆ ಬಸವಣ್ಣೆವ್ವ ಮೂಗು ಒರೆಸಿಕೊಂಡು ಸೊಂಟದಿಂದ ಫೋನು ತೆಗೆದಳು.

"ಪ್ರಿಯಾಂಕಾ? ಹೂಂ, ನಾನ. ಚೀಲಾ ತಗಸಾಕ ಹಿಡಿದ ಆ ದಿನಾ ಬಿಡಿಸಿಬಿಡವಾ. ಯಾಕ ಅಂದ್ರ? ನಾ ಹೇಳೇನಂತ. ಮೊದಲ ಗದಗಿನ ಡಾಕ್ಟ್ರಿಗೆ ತೋರಸೂಣು, ಏನೇನ ಹಾದಿ ಅದಾವ ಎಲ್ಲಾ ಕೇಳೂಣು. ನೀ ಕೇಳದಿದ್ರ ನಾ ಕೇಳ್ತೇನಿ. ನಾಳಿ ಮುಂಜಾನಿ ಬಸ್ಸಿಗೆ ಬರ್ತೇನಿ, ತಯಾರಿರು." ತಂಗಿಯ ಕಡೆ ನೋಡಿದಳು. "ಇಲ್ಲವಾ, ಈ ಸಲ ಹಾಸಿಗಿ ತರೂದಿಲ್ಲ."