ಕೆಂಪಮ್ಮನ ಎಣ್ಣೆ ಕೈ

ರಂಜನಿ ಫೋನು ಎತ್ತಲಿಲ್ಲ. ಮೂರನೆಯ ಸಲವೂ ಅದು ರಿಂಗಾಗಿ ನಿಂತಿತು. ಮಿಲ್ಪಿಟಾಸಿನಲ್ಲಿ ಅವತ್ತಿನ ಎರಡನೆಯ ಗಿರಾಕಿಯ ಟೌನ್‌ಹೌಸಿನ ಮುಂದೆ ಕಾರಿನಲ್ಲಿ ಕೂತು ನನ್ನ ಬಲ ಮಣಿಕಟ್ಟನ್ನು ಮತ್ತೆ ನೋಡಿಕೊಂಡೆ. ಗೀರು ಎಳೆದ ಹಾಗೆ ಒಂದೇ ಸಾಲಿನಲ್ಲಿ ಐದಾರು ನೀರುಗುಳ್ಳೆಗಳು. ಬೆಳಿಗ್ಗೆ ಇದನ್ನು ನಾಯಿಯ ಹಗ್ಗ ಉಜ್ಜಿ ಆದದ್ದು ಅಂದುಕೊಂಡಿದ್ದೆ.

ನಾನು ಸ್ನೇಹಲತಾ. ಹಗಲು ಬೇರೆಯವರ ನಾಯಿಗಳನ್ನು ವಾಕಿಂಗ್ ಕರೆದೊಯ್ಯುತ್ತೇನೆ, ಸಂಜೆ ಕಾಲೇಜಿನಲ್ಲಿ ಪಶುವೈದ್ಯರ ಸಹಾಯಕಿಯಾಗುವ ಕೋರ್ಸು ಓದುತ್ತೇನೆ. ಪಾಯ್ಸನ್ ಓಕ್ ಎಂಬ ವಿಷದ ಗಿಡದ ಪಾಠ ಹೋದ ತಿಂಗಳೇ ಆಗಿತ್ತು. ನೋಟ್ಸಿನಲ್ಲಿ ನನ್ನದೇ ಅಕ್ಷರ: ಎಲೆಯ ಜಿಡ್ಡು ನಾಯಿಯ ರೋಮಕ್ಕೆ ಅಂಟುತ್ತದೆ. ನಾಯಿಗೆ ಹೊಟ್ಟೆಯಂಥ ಬರಿಚರ್ಮ ಮಾತ್ರ ಕೆಂಪಾಗಬಹುದು. ಮುಟ್ಟಿದ ಮನುಷ್ಯರಿಗೆ ಒಂದೆರಡು ದಿನ ಬಿಟ್ಟು ಗುಳ್ಳೆ ಏಳುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು.

ಮೊನ್ನೆ ಸರಟೋಗಾದ ಗುಡ್ಡದಲ್ಲಿ ರಂಜನಿಯ ನಾಯಿ ಬೆಲ್ಲನ ಹಗ್ಗ ಬಿಚ್ಚಿದ್ದೆ. ಎರಡೇ ನಿಮಿಷ. ಅಳಿಲಿನ ಹಿಂದೆ ಅವನು ಪೊದೆಗೆ ನುಗ್ಗಿದ. ಮೂರು ಮೂರು ಎಲೆಗಳ ಪೊದೆ, ಎಲ್ಲ ಕೆಂಪಗೆ. ಚೆನ್ನಾಗಿದೆಯೆಂದು ಫೋಟೊ ಕೂಡ ತೆಗೆದಿದ್ದೆ. ಆ ಫೋಟೊವನ್ನು ಈಗ ದೊಡ್ಡದು ಮಾಡಿ ನೋಡಿದೆ. ಪಾಯ್ಸನ್ ಓಕಿಗೂ ಎಲೆ ಮೂರು ಮೂರೇ.

ರಂಜನಿಗೆ ಹೆರಿಗೆಯಾಗಿ ಹದಿನೆಂಟು ದಿನ. ಬಾಣಂತನಕ್ಕೆ ಮೈಸೂರಿನಿಂದ ಬಂದಿರುವ ತಾಯಿ ಕೆಂಪಮ್ಮ ಬೆಲ್ಲನನ್ನು ಹಿತ್ತಲಿಗೆ ಹಾಕಿಸಿದ್ದರು. ಅವನನ್ನು ಕಂಡರೆ ಸೆರಗು ಎಳೆದುಕೊಂಡು ಸರಿಯುತ್ತಿದ್ದರು. ಇವತ್ತು ಮಾತ್ರ, ಅವನು ಹೊಟ್ಟೆ ಕೆರೆದುಕೊಳ್ಳುವುದನ್ನು ಕಂಡು ತಾವಾಗಿ ಹತ್ತಿರ ಬಂದರು.

"ಪಾಪ, ಕೆಂಪಗಾಗ್ಬುಟ್ಟದೆ ಕಣವ್ವ. ಒಂಚೂರು ಕೊಬ್ರಿ ಎಣ್ಣೆ ತಿಕ್ಲಾ?"

"ತಿಕ್ಕಿ ಅಮ್ಮ. ಅವ್ನಿಗೂ ನಿಮ್ ಕೈ ಅಭ್ಯಾಸ ಆಗ್ಲಿ," ಎಂದು ಖುಷಿಯಿಂದ ಹೇಳಿ ಬಂದಿದ್ದೆ.

ಆ ಜಿಡ್ಡನ್ನು ಹರಡುವುದಕ್ಕೆ ಎಣ್ಣೆಗಿಂತ ಸುಲಭದ ದಾರಿಯಿಲ್ಲ. ಅದೇ ಕೈಯಲ್ಲಿ ಹನ್ನೊಂದಕ್ಕೆ ಅವರು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ. ಗಂಟೆ ಹತ್ತು ಇಪ್ಪತ್ತೈದು.

ಕಾರು ತಿರುಗಿಸಿದೆ. ಫ್ರೀವೇಯಲ್ಲಿ ಸಾಲು ಆಮೆಯಂತೆ ಸರಿಯುತ್ತಿತ್ತು. ಇದು ನಿಜಕ್ಕೂ ಹಗ್ಗ ಉಜ್ಜಿದ್ದೇ ಆಗಿದ್ದರೆ? ನೀನು ಡಾಕ್ಟರಲ್ಲ, ರೋಗದ ಹೆಸರು ಹೇಳಬೇಡ ಎಂದು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದಾರೆ. ಹೇಳಿದರೆ ಹಗ್ಗ ಬಿಚ್ಚಿದ್ದನ್ನೂ ಹೇಳಬೇಕು. ನಾಲ್ಕನೆಯ ಸಲ ಫೋನು ಮಾಡಿದೆ. ಬಾಣಂತಿ ಮಲಗಿರಬೇಕು.

ನಾನು ತಲುಪಿದಾಗ ಹನ್ನೊಂದು ದಾಟಿತ್ತು. ಹಿತ್ತಲಿನ ಬಾಗಿಲಿಂದ ಒಳಗೆ ಹೋದೆ. ಬಾತ್‌ರೂಮಿನಲ್ಲಿ ಕೆಂಪಮ್ಮ ಕಾಲು ನೀಡಿ ಕೂತಿದ್ದರು, ಪಕ್ಕದಲ್ಲಿ ಎಣ್ಣೆ ಬಟ್ಟಲು. ರಂಜನಿ ಮಗುವಿನ ಬಟ್ಟೆ ಬಿಚ್ಚುತ್ತಿದ್ದಳು.

"ಮಗು ಮುಟ್ಬೇಡಿ ಅಮ್ಮ."

ಕೆಂಪಮ್ಮ ತಲೆಯೆತ್ತಿದರು. "ನಾಯಿ ಮುಟ್ಟಿದ್ ಕೈ ಅಂತ್ಲಾ? ತೊಳ್ಕಂಡಿವ್ನಿ."

"ಸೋಪು ಹಾಕಿ?"

"ಮತ್ತೆ ಎಣ್ಣೆ ಮುಟ್ಟೋ ಕೈಗೆ ಸೋಪ್ಯಾಕವ್ವ?"

ನಾನು ಮಣಿಕಟ್ಟು ತೋರಿಸಿದೆ. "ರಂಜನಿ, ಮೊನ್ನೆ ಹಗ್ಗ ಬಿಚ್ಚಿದ್ದೆ. ಬೆಲ್ಲ ಪಾಯ್ಸನ್ ಓಕ್ ಒಳಗೆ ಹೋಗಿದ್ದ ಅನ್ಸತ್ತೆ."

"ಅನ್ಸತ್ತೆ ಅಂದ್ರೆ? ಶ್ಯೂರ್ ಇಲ್ವಾ?"

"ಇಲ್ಲ. ಗೊತ್ತಾಗೋ ತನಕ ಕಾಯೋದು ಸರಿಯಲ್ಲ ಅಂತ ಬಂದೆ."

ಅವಳು ಮಗುವನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಹಗ್ಗ ಬಿಚ್ಬೇಡಿ ಅಂತ ಹೇಳಿದ್ನಲ್ಲಾ, ಸ್ನೇಹಾ ಅವ್ರೇ."

"ಹೇಳಿದ್ರಿ."

ಕೆಂಪಮ್ಮನನ್ನು ಅಡುಗೆಮನೆಯ ಸಿಂಕಿಗೆ ಕರೆದೊಯ್ದೆ. ಪಾತ್ರೆ ತೊಳೆಯುವ ಸೋಪು ಹಾಕಿ, ತಣ್ಣೀರಿನಲ್ಲಿ ಮೊಣಕೈವರೆಗೆ ಮೂರು ಸಲ ತೊಳೆಸಿದೆ. ಎಣ್ಣೆಯನ್ನು ಬಟ್ಟಲಿನ ಸಮೇತ ಕಸಕ್ಕೆ ಹಾಕಿದೆ.

"ಏನ್ ದೇಸನವ್ವ ಇದು. ನಾಯಿ ನೋಡ್ಕಳಕ್ಕೂ ಕೋರ್ಸು, ಸೋಪಲ್ಲಿ ಕೈ ತೊಳಿಯಕ್ಕೂ ಕೋರ್ಸು," ಎಂದರು. ಆಮೇಲೆ ಸಪ್ಪಗೆ, "ಹಂಗಾರೆ ಮಗೀಗೆ ನೀರು ಹಾಕೋರ್ಯಾರು?"

"ನಾನೇ ಹಾಕ್ತೀನಿ," ಎಂದಳು ರಂಜನಿ. ಅಷ್ಟರಲ್ಲಿ ಅವಳು ಮಗುವಿನ ಡಾಕ್ಟರಿಗೆ ಫೋನು ಮಾಡಿ ಮುಗಿಸಿದ್ದಳು; ಸ್ನಾನ ಮಾಡಿಸಬಹುದು ಅಂದಿದ್ದರಂತೆ.

"ನಿಂಗೆ ಕತ್ತು ಹಿಡಿಯಾಕೇ ಬರಲ್ಲ."

"ಬಾಗಿಲಲ್ಲಿ ನಿಂತು ಹೇಳ್ಕೊಡು. ಹದಿನೆಂಟು ದಿನದಿಂದ ನೋಡ್ತಾನೇ ಇದೀನಿ, ಒಂದ್ ಸಲಾನೂ ಬಿಟ್ಟಿಲ್ಲ ನೀನು."

ಕೆಂಪಮ್ಮ ಸೀರೆ ಬದಲಾಯಿಸಿ ಬಂದು, ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ನಾನು ಕೈಗವಸು ಹಾಕಿಕೊಂಡು ಹಿತ್ತಲಿಗೆ ಹೋಗಿ ಬೆಲ್ಲನ ಮೈಗೆ ನೀರು ಬಿಟ್ಟೆ. ಕಿಟಕಿಯಿಂದ ಮಾತು ಕೇಳಿಸುತ್ತಿತ್ತು. "ಎಡಗೈ ತಲೆ ಅಡಿಗೆ. ನೆತ್ತಿ ಒತ್ಬ್ಯಾಡ. ಹೂಂ, ಹಂಗೆ." ಮಗು ಜೋರಾಗಿ ಅತ್ತಿತು. ಅಳು ನಿಲ್ಲುವವರೆಗೆ ನನ್ನ ಕೈ ಬೆಲ್ಲನ ಬೆನ್ನ ಮೇಲೆ ಹಾಗೇ ನಿಂತಿತ್ತು.

ಸ್ವಲ್ಪ ಹೊತ್ತಿಗೆ ರಂಜನಿ ಕಿಟಕಿಗೆ ಬಂದಳು. ಅವಳ ತೋಳೆಲ್ಲ ನೀರು.

"ಅಮ್ಮಂಗೆ ಕೈ ತುರಿಸ್ತಿದ್ಯಂತೆ. ಇಷ್ಟು ಬೇಗ ಬರತ್ತಾ?"

"ಇಲ್ಲ, ಅದು ಭಯಕ್ಕೆ. ನಾಳೆ, ನಾಡಿದ್ದು ಗೊತ್ತಾಗತ್ತೆ."

"ಸರಿ. ನಾಡಿದ್ದು ನಾನೇ ಫೋನ್ ಮಾಡ್ತೀನಿ. ಅಲ್ಲಿ ತನಕ ಬರ್ಬೇಡಿ."

ಧ್ವನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಬೆಲ್ಲನ ಹೊಟ್ಟೆಗೆ ಇನ್ನೊಂದು ಸಲ ಸೋಪು ಹಚ್ಚತೊಡಗಿದೆ.