ಆಟದೊಳಗಿನ ಗೆಳತಿ

ಶಾಲೆಯ ಚಿಕ್ಕ ಮಕ್ಕಳು ಕಂಪ್ಯೂಟರ್ ಟೀಚರಿಗೆ 'ಇಲಿ ಮಿಸ್' ಎಂದು ಹೆಸರಿಟ್ಟಿದ್ದರು. ಮೌಸ್ ಹಿಡಿಯುವುದನ್ನು ಕಲಿಸಿದವಳು ಅವಳೇ ತಾನೇ! ಅವಳು ಪಾಠಕ್ಕೆ ನಿಂತರೆ ಕೊಠಡಿಯ ತುಂಬ ನಗು. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಮಾತ್ರ ಗೋಡೆಗಳೇ ಗತಿ. ಗಂಡನಿಂದ ಬೇರೆಯಾದಾಗ ಮಗಳು ಅಪ್ಪನ ಜತೆಯೇ ಉಳಿದಿದ್ದಳು. ಅವಳ ಸ್ಕೂಲು, ಗೆಳತಿಯರು, ಅಜ್ಜಿ ಎಲ್ಲ ಆ ಊರಲ್ಲೇ. ಭಾನುವಾರ ಫೋನ್ ಮಾಡಿದರೆ, "ಊಟ ಆಯ್ತಾ ಪುಟ್ಟಿ?" "ಹೂಂ." "ಸ್ಕೂಲು?" "ಹೂಂ." ಆ ಹೂಂಗಳನ್ನೇ ತಾಯಿ ವಾರವಿಡೀ ಮೆಲುಕು ಹಾಕುತ್ತಿದ್ದಳು.

ಒಂದು ಸಲ ಮಗಳ ಬಾಯಿಂದ ಅಪರೂಪಕ್ಕೆ ಮಾತು ಉದುರಿತು. "ಬೇಗ ಇಡ್ತೀನಮ್ಮ, ಆಟದಲ್ಲಿ ಮನೆ ಕಟ್ತಿದೀನಿ." ಯಾವ ಆಟ, ಅಲ್ಲಿ ನಿನ್ನ ಹೆಸರೇನು ಎಂದು ಕೇಳಿದ್ದಕ್ಕೆ ಹೇಳಿಯೂಬಿಟ್ಟಳು: 'ಹಾರುವ ಆಮೆ.'

ಆ ಸಂಜೆಯೇ ತಾಯಿ ಆಟಕ್ಕೆ ಸೇರಿದಳು, 'ನೀಲಿ ಬೆಕ್ಕು' ಎಂಬ ಹೆಸರಲ್ಲಿ. ವಯಸ್ಸು ಕೇಳಿದ ಕಡೆ ಮಗಳ ವಯಸ್ಸನ್ನೇ, ಒಂಬತ್ತು ಎಂದು ಒತ್ತುವಾಗ ಬೆರಳು ಒಂದು ಗಳಿಗೆ ತಡೆಯಿತು. ನನ್ನ ಮಗಳೇ ತಾನೇ ಎಂದುಕೊಂಡು, ಹಾರುವ ಆಮೆಯನ್ನು ಹುಡುಕಿ ಗೆಳೆತನ ಬೆಳೆಸಿದಳು.

ಫೋನಿನಲ್ಲಿ ತುಟಿ ಬಿಚ್ಚದ ಹುಡುಗಿ ಅಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. 'ನಮ್ಮಜ್ಜಿ ಗೊರಕೆ ಹೊಡೆದ್ರೆ ಪಕ್ಕದ್ಮನೆ ನಾಯಿ ಬೊಗಳುತ್ತೆ' ಎಂದು ಬರೆದಾಗ ತಾಯಿ ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಬ್ಬರೂ ಸೇರಿ ಗೋಡೆ ಎಬ್ಬಿಸಿದರು, ಮೆಟ್ಟಿಲು ಇಟ್ಟರು. ಮಹಡಿಯಲ್ಲಿ ಮಗಳು ಒಂದು ದೊಡ್ಡ ಕೋಣೆ ಕಟ್ಟಿ ಬರೆದಳು: 'ಇದು ನಮ್ಮಮ್ಮಂಗೆ.'

ತಾಯಿಗೆ ಅಕ್ಷರಗಳೆಲ್ಲ ಕಲಸಿಹೋದವು. 'ಅಮ್ಮಂಗೆ ಹೇಳಿದ್ಯಾ?' ಎಂದು ಹೇಗೋ ಬರೆದಳು.

'ಇಲ್ಲ. ಫೋನಲ್ಲಿ ಮಾತಾಡಿದ್ರೆ ಅಳು ಬರುತ್ತೆ. ನೀನೂ ಯಾರಿಗೂ ಹೇಳ್ಬೇಡ.'

'ಹೇಳಲ್ಲ.'

ಮರುದಿನ ಮೂರನೇ ತರಗತಿಗೆ ಇಂಟರ್‌ನೆಟ್ಟಿನಲ್ಲಿ ಹುಷಾರಾಗಿರುವ ಪಾಠ. "ಆಟದಲ್ಲಿ ಸಿಕ್ಕೋರು ನಾನೂ ನಿನ್ನ ವಯಸ್ಸಿನೋಳೇ ಅಂದ್ರೆ ನಂಬಿಬಿಡಬಾರದು. ನಿಮ್ಮಿಬ್ಬರ ಮಧ್ಯೆ ಗುಟ್ಟು ಶುರುವಾಯ್ತೋ, ಮನೇಲಿ ದೊಡ್ಡವರಿಗೆ ಹೇಳ್ಬೇಕು," ಎಂದು ಪ್ರತಿ ವರ್ಷದಂತೆ ಹೇಳಿದಳು.

ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಮಿಸ್, ಅವರು ತುಂಬಾ ಒಳ್ಳೆಯೋರಾಗಿದ್ರೆ?"

"ಒಳ್ಳೆಯೋರು ತಾವು ಯಾರು ಅಂತ ಸುಳ್ಳು ಹೇಳಲ್ಲ ಮರಿ," ಎಂದಳು. ಹೇಳಿದ ಮೇಲೆ ಪಾಠವನ್ನು ಅಲ್ಲಿಗೇ ಬಿಟ್ಟು, ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಒರೆಸತೊಡಗಿದಳು. ಮಕ್ಕಳು ಮಿಸ್ಸಿಗೆ ಏನಾಯಿತೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸ್ಕೂಲು ಬಿಟ್ಟ ಮೇಲೆ, ಖಾಲಿ ಕುರ್ಚಿಗಳ ನಡುವೆ ಕೂತು ಗಂಡನಾಗಿದ್ದವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ನಿನಗೇನು ತಲೆ ಕೆಟ್ಟಿದ್ಯಾ? ಊರ ಮಕ್ಕಳಿಗೆಲ್ಲ ಬುದ್ಧಿ ಹೇಳೋಳು ನೀನು!"

"ಬೈಯಿ, ಬೈಸಿಕೊಳ್ಳೋ ಕೆಲಸಾನೇ ಮಾಡಿದೀನಿ. ಅವಳಿಗೆ ಮಾತ್ರ ನಾನೇ ಹೇಳ್ತೀನಿ. ಫೋನ್ ಕೊಡು."

ಮಗಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ಅಂದ್ರೆ ನೀಲಿ ಬೆಕ್ಕು ಇಲ್ವಾ?"

"ಇಲ್ಲ ಪುಟ್ಟಿ. ನಾನೇ ಅದು. ತಪ್ಪಾಯ್ತು."

"ನಂಗೆ ಅವಳು ಬೇಕು." ಫೋನ್ ಕಟ್ಟಾಯಿತು.

ಆಮೇಲಿನ ಭಾನುವಾರಗಳಲ್ಲಿ ಹೂಂ ಕೂಡ ಇಲ್ಲ. "ಮಾತಾಡಲ್ಲ ಅಂತಾಳೆ, ಬಲವಂತ ಮಾಡಲ್ಲ ನಾನು," ಎನ್ನುತ್ತಿದ್ದ ಅಪ್ಪ. ತಾಯಿ ನೀಲಿ ಬೆಕ್ಕನ್ನು ಅಳಿಸಿಹಾಕಿದಳು. ಆಡುವ ಮಕ್ಕಳ ಸದ್ದು ಬೀದಿಯಿಂದ ಬಂದರೆ ಕಿಟಕಿ ಮುಚ್ಚಲು ಎದ್ದು, ಮುಚ್ಚದೆ ಅಲ್ಲೇ ನಿಲ್ಲುತ್ತಿದ್ದಳು.

ಒಂದು ಮಧ್ಯಾಹ್ನ ಆ ಕಡೆಯಿಂದಲೇ ಫೋನ್ ಬಂತು.

"ಅಮ್ಮ, ನಂಗಿನ್ನೂ ಸಿಟ್ಟಿದೆ."

"ಇರಲಿ. ಎಷ್ಟು ದಿನ ಬೇಕಾದ್ರೂ ಇರಲಿ."

"ಮಾತಾಡಲ್ಲ ನಾನು. ಆದ್ರೆ ನೀನು ಇಡ್ಬೇಡ."

"ಇಡಲ್ಲ."

ಆ ಕಡೆ ಬಣ್ಣದ ಪೆನ್ಸಿಲು ಕಾಗದದ ಮೇಲೆ ಉಜ್ಜುವ ಸದ್ದು ಶುರುವಾಯಿತು. ನಡುವೆ ನಿಂತಿತು, ಮತ್ತೆ ಕೇಳಿಸಿತು. ಕಿವಿ ಬಿಸಿಯಾದರೂ ತಾಯಿ ಫೋನನ್ನು ಇನ್ನೊಂದು ಕಿವಿಗೆ ಸರಿಸಲಿಲ್ಲ.